ಕೊರಳ ಗಂತಿಯೂ ರಕ್ತದೊಳಗಣ ದೂತನೂ

ಭಾಗಮಂಡಲದಿಂದ ಪಾಣತ್ತೂರಿನ ಕಡೆಗೆ ಇಳಿಯುವ ಘಟ್ಟದ ದಾರಿಯಲ್ಲಿ, ಕೊಡಗಿನ ಅಂಚಿನ ಊರು ಕರಿಕೆ. ಮುಂದೆ ನಡೆದರೆ ಕೇರಳದ ಕಾಸರಗೋಡು ಜಿಲ್ಲೆ. ಹಿಂತಿರುಗಿದರೆ ದಟ್ಟವಾದ ಕಾಡು. ಇಂತಹ ಮಲೆನಾಡಿನ ಊರುಗಳ ಹಿರಿಯರನ್ನು ಕೇಳಿದರೆ, ಕೊರಳು ಉಬ್ಬಿಕೊಂಡ ಹೆಂಗಸರನ್ನು ತಾವು ಬಾಲ್ಯದಲ್ಲಿ ಕಂಡುದುಂಟೆಂದು ಹೇಳುವರು. ಅದಕ್ಕೆ ಗಳಗಂಡವೆಂದು ಹೆಸರು. ಧಾರಾಕಾರವಾದ ಮಳೆ ಬೆಟ್ಟದ ಮಣ್ಣಿನ ಅಯೊಡೀನನ್ನು ವರ್ಷವರ್ಷವೂ ತೊಳೆದು ಒಯ್ಯುತ್ತದೆ. ಆ ಮಣ್ಣಿನಲ್ಲಿ ಬೆಳೆದ ಅನ್ನದಲ್ಲಿಯೂ ಅಯೊಡೀನಿನ ಕೊರತೆ. ಅದನ್ನುಂಡವರ ಥೈರಾಯ್ಡ್ ಗ್ರಂಥಿ, ಸಿಕ್ಕುವ ಅಲ್ಪ ಅಯೊಡೀನನ್ನೇ ಹೇಗಾದರೂ ಹಿಡಿದಿಟ್ಟುಕೊಳ್ಳಬೇಕೆಂದು ಹಿಗ್ಗುತ್ತ ಹೋಗುತ್ತದೆ. ಭಾರತ ಸರ್ಕಾರ ೧೯೬೨ರಲ್ಲಿ ಗಳಗಂಡ ನಿಯಂತ್ರಣದ ಕಾರ್ಯಕ್ರಮವನ್ನು ಆರಂಭಿಸಿ, ಉಪ್ಪಿಗೆ ಅಯೊಡೀನ್ ಬೆರೆಸುವ ಏರ್ಪಾಡು ಮಾಡಿದ ಮೇಲೆ, ದೊಡ್ಡ ಗಳಗಂಡಗಳು ವಿರಳವಾಗುತ್ತ ಬಂದವು.

ಆದರೆ ಕೊರಳಿನಲ್ಲಿ ಕಾಣುವ ಗಂಟುಗಳೆಲ್ಲವೂ ಗಳಗಂಡಗಳಲ್ಲ. ಥೈರಾಯ್ಡಿನ ರೋಗಗಳೆಲ್ಲಕ್ಕೂ ಅಯೊಡೀನೇ ಕಾರಣವೂ ಅಲ್ಲ. ಎಷ್ಟು ಅಯೊಡೀನ್ ಉಪ್ಪನ್ನು ತಿಂದರೂ ತಡೆಯಲಾಗದ, ಅಪರೂಪದ ಒಂದು ಗಂತಿ ಅದೇ ಗ್ರಂಥಿಯಲ್ಲಿ ಹುಟ್ಟುವುದುಂಟು. ಆ ಗಂತಿ ತನ್ನ ಇರವನ್ನು ತಾನೇ ರಕ್ತದಲ್ಲಿ ಸಾರಿಕೊಳ್ಳುತ್ತದೆ ಎಂಬುದು ಅದರ ವಿಶೇಷ. ಅದು ಸಾರುವ ಸುದ್ದಿ ಏನು, ಅದನ್ನು ಓದುವುದನ್ನು ಮನುಷ್ಯನು ಹೇಗೆ ಕಲಿತನು, ಓದಿದುದರಿಂದ ಯಾರ ಪ್ರಾಣ ಉಳಿಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಒಂದೇ ಮನೆಯಲ್ಲಿ ಎರಡು ಕಸುಬಿನವರು

ಥೈರಾಯ್ಡ್ ಗ್ರಂಥಿ ಕೊರಳ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯಂತೆ ರೆಕ್ಕೆ ಹರಡಿ ಕುಳಿತಿರುವ ನಿರ್ನಾಳ ಗ್ರಂಥಿ. ತಾನು ತಯಾರಿಸಿದ ರಸವನ್ನು ಅದು ಯಾವ ನಾಳದ ಮೂಲಕವೂ ಹರಿಸದೆ ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಹೀಗೆ ಒಂದೆಡೆ ಹುಟ್ಟಿ, ರಕ್ತದಲ್ಲಿ ತೇಲಿಹೋಗಿ, ಬೇರೊಂದೆಡೆ ಕೆಲಸ ಮಾಡಿಸುವ ವಸ್ತುವಿಗೆ ಹಾರ್ಮೋನು ಎಂದು ಹೆಸರು. ಅದನ್ನು ರಕ್ತದ ದೂತನೆಂದರೆ ತಪ್ಪಾಗದು.

ಈ ಗ್ರಂಥಿಯ ಬಹುಪಾಲು ಜೀವಕೋಶಗಳು ಪುಟ್ಟ ಪುಟ್ಟ ಕೋಶಕಗಳಾಗಿ ಜೋಡಣೆಗೊಂಡಿವೆ. ಅಯೊಡೀನನ್ನು ರಕ್ತದಿಂದ ಹೀರಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುವುದು ಅವುಗಳ ಕಸುಬು. ಗಳಗಂಡದಲ್ಲಿ ಹಿಗ್ಗುವುವು ಇವೇ. ಇವುಗಳ ಸಂದುಗಳಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಜಾತಿಯ ಜೀವಕೋಶಗಳು ಅಡಗಿರುತ್ತವೆ. ಇಂಗ್ಲೆಂಡಿನ ಪಿಯರ್ಸ್ ಎಂಬ ವಿಜ್ಞಾನಿ ೧೯೬೬ರಲ್ಲಿ ಇವಕ್ಕೆ ‘ಸಿ’ ಕೋಶಗಳೆಂದು ಹೆಸರಿಟ್ಟನು. ಮನುಷ್ಯನ ಥೈರಾಯ್ಡಿನಲ್ಲಿ ಇವುಗಳ ಪಾಲು ಸಾವಿರಕ್ಕೆ ಒಂದರಷ್ಟು ಮಾತ್ರ. ಇವಕ್ಕೆ ಅಯೊಡೀನಿನ ಗೊಡವೆಯೇ ಇಲ್ಲ. ಮೀನುಗಳಲ್ಲಿ ಈ ಕೋಶಗಳು ಥೈರಾಯ್ಡಿನೊಳಗೆ ಇರದೆ ಪ್ರತ್ಯೇಕವಾದೊಂದು ಗ್ರಂಥಿಯಾಗಿಯೇ ಇವೆ. ಸಸ್ತನಿಗಳಲ್ಲಿ ಮಾತ್ರ ಅವು ಭ್ರೂಣಾವಸ್ಥೆಯಲ್ಲಿಯೇ ವಲಸೆ ಬಂದು ಥೈರಾಯ್ಡಿನ ಮನೆಯಲ್ಲಿ ನೆಲಸುತ್ತವೆ. ಎಂದರೆ ಇವು ಆ ಮನೆಯ ಮಕ್ಕಳಲ್ಲ, ಬಾಡಿಗೆದಾರರು.

ಮೂವತ್ತೆರಡು ಮಣಿಗಳ ಸರ

ಸಿ ಕೋಶಗಳು ತಯಾರಿಸುವ ಹಾರ್ಮೋನಿಗೆ ಕ್ಯಾಲ್ಸಿಟೋನಿನ್ ಎಂದು ಹೆಸರು. ಇದು ಪೆಪ್ಟೈಡು ಜಾತಿಗೆ ಸೇರಿದುದು. ಪೆಪ್ಟೈಡು ಎಂದರೇನೆಂಬುದನ್ನು ತಿಳಿಯಲು ಕೊಡಗಿನ ಹೆಂಗಸರು ಧರಿಸುವ ಜೋಮಾಲೆಯನ್ನು ನೆನೆದರೆ ಸಾಕು. ಮಣಿಗಳನ್ನು ಒಂದಾದ ಮೇಲೊಂದರಂತೆ ದಾರದಲ್ಲಿ ಪೋಣಿಸಿದರೆ ಮಾಲೆಯಾಗುವಂತೆ, ಅಮೈನೊ ಆಮ್ಲಗಳೆಂಬ ಅಣುಗಳನ್ನು ಸಾಲಾಗಿ ಬೆಸೆದರೆ ಪೆಪ್ಟೈಡು ಆಗುತ್ತದೆ. ಜೋಮಾಲೆಯ ಮಣಿಗಳು ಒಂದೇ ಬಗೆಯವು. ಪೆಪ್ಟೈಡಿನ ಮಣಿಗಳಲ್ಲಾದರೋ ಇಪ್ಪತ್ತು ಬಗೆಗಳುಂಟು. ಯಾವ ಮಣಿಯ ಮುಂದೆ ಯಾವುದು ಎಂಬ ಅನುಕ್ರಮದಲ್ಲಿಯೇ ಆ ಸರದ ಗುಣವೆಲ್ಲ ಅಡಗಿದೆ. ಕ್ಯಾಲ್ಸಿಟೋನಿನಿನಲ್ಲಿರುವ ಮಣಿಗಳು ೩೨. ಒಂದನೆಯ ಮತ್ತು ಏಳನೆಯ ಮಣಿಗಳು ಗಂಧಕದ ಪರಮಾಣುಗಳ ಮೂಲಕ ಪರಸ್ಪರ ಕೈಹಿಡಿದುಕೊಂಡಿರುವುದರಿಂದ ಸರದ ತುದಿಯಲ್ಲಿ ಒಂದು ಕುಣಿಕೆ ಏರ್ಪಟ್ಟಿದೆ.

ಇದರ ಶೋಧನೆಯ ಕಥೆ ಸ್ವಾರಸ್ಯವಾದುದು. ನಮ್ಮ ರಕ್ತರಸದ ಪ್ರತಿ ನೂರು ಮಿಲಿಲೀಟರಿನಲ್ಲಿ ಸುಮಾರು ೧೦ ಮಿಲಿಗ್ರಾಮು ಕ್ಯಾಲ್ಸಿಯಮ್ ಇರುತ್ತದೆ. ಅದು ಕುಗ್ಗಿದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಹೆಚ್ಚಿದರೆ ಹೃದಯ, ಮೂತ್ರಪಿಂಡಗಳಿಗೆ ಅಪಾಯ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕ್ಯಾಲ್ಸಿಯಮನ್ನು ಏರಿಸುವ ಹಾರ್ಮೋನನ್ನು ಸುರಿಸುವುವೆಂಬುದು ಮೊದಲೇ ತಿಳಿದಿತ್ತು. ಕೆನಡಾದ ವ್ಯಾಂಕೂವರಿನಲ್ಲಿ ಹೆರಾಲ್ಡ್ ಕಾಪ್ ಎಂಬ ವಿಜ್ಞಾನಿಯು ನಾಯಿಗಳ ಈ ಗ್ರಂಥಿಗಳಿಗೆ ಕ್ಯಾಲ್ಸಿಯಮ್ ಹೆಚ್ಚಾದ ರಕ್ತವನ್ನು ಹಾಯಿಸಿ ನೋಡಿದನು. ದೇಹದ ಕ್ಯಾಲ್ಸಿಯಮ್ ಇಳಿಯಿತು. ಅದೂ, ಪ್ಯಾರಾಥೈರಾಯ್ಡುಗಳನ್ನು ಕತ್ತರಿಸಿ ತೆಗೆದಾಗ ಇಳಿಯುವುದಕ್ಕಿಂತಲೂ ಬೇಗ. ಏರಿಸುವವನು ಸುಮ್ಮನಾದುದಷ್ಟೇ ಇದಕ್ಕೆ ಕಾರಣವಾಗಲಾರದು, ಇಳಿಸುವವನೊಬ್ಬನು ಇರಲೇಬೇಕೆಂದು ಆತನು ತರ್ಕಿಸಿದನು. ೧೯೬೨ರಲ್ಲಿ ಆ ವಿಷಯವನ್ನು ಪ್ರಕಟಿಸಿ, ಹಾರ್ಮೋನಿಗೆ ಕ್ಯಾಲ್ಸಿಟೋನಿನ್ ಎಂದು ಹೆಸರಿಟ್ಟನು. ಆದರೆ ಅದರ ತವರು ಪ್ಯಾರಾಥೈರಾಯ್ಡೇ ಎಂದು ಭಾವಿಸಿದುದು ಆತನ ತಪ್ಪಾಯಿತು. ೧೯೬೪ರಲ್ಲಿ ಲಂಡನ್ನಿನ ಮ್ಯಾಕಿಂಟೈರನ ತಂಡದವರು ಆಡುಗಳ ಮೇಲೆ ಪ್ರಯೋಗ ನಡೆಸಿ, ಅದು ಹುಟ್ಟುವುದು ಥೈರಾಯ್ಡಿನಲ್ಲಿಯೇ ಎಂದು ತೋರಿಸಿದರು.

ರೋಗವೇ ಗುರುವಾದುದು

ಇದಕ್ಕೆ ಕೆಲವು ವರ್ಷಗಳ ಹಿಂದೆ, ೧೯೫೯ರಲ್ಲಿ, ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಹ್ಯಾಜರ್ಡ್ ಮತ್ತು ಅವನ ಸಹೋದ್ಯೋಗಿಗಳು ಥೈರಾಯ್ಡಿನ ಒಂದು ಕ್ಯಾನ್ಸರನ್ನು ಮಿಕ್ಕವುಗಳಿಂದ ಬೇರ್ಪಡಿಸಿ ವರ್ಣಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಅದರಲ್ಲಿ ಕೋಶಕಗಳ ಸುಳಿವೇ ಇಲ್ಲ. ಮೆಡುಲರಿ ಕ್ಯಾನ್ಸರೆಂದು ಅದನ್ನು ಕರೆದರು. ಅದು ಸಿ ಕೋಶಗಳಿಂದಲೇ ಹುಟ್ಟಿರಬೇಕೆಂದು ೧೯೬೬ರಲ್ಲಿ ವಿಲಿಯಮ್ಸ್ ಎಂಬ ರೋಗಶಾಸ್ತ್ರಜ್ಞನು ಸೂಚಿಸಿದನು. ಸಿ ಕೋಶದ ಗಂತಿಯಾದರೆ ಅದು ಸಿ ಕೋಶದ ಕಸುಬನ್ನೇ ಮಾಡುತ್ತಿರಬೇಕಲ್ಲವೆ? ಪರೀಕ್ಷಿಸಿ ನೋಡಿದಾಗ ಆ ಗಂತಿಗಳಲ್ಲಿ ಕ್ಯಾಲ್ಸಿಟೋನಿನ್ ರಾಶಿರಾಶಿಯಾಗಿ ತುಂಬಿತ್ತು.

ಕೋಲಾರದ ಚಿನ್ನದ ಗಣಿ ೨೦೦೧ರಲ್ಲಿ ಮುಚ್ಚಿತು. ಅಲ್ಲಿ ಕೊನೆಕೊನೆಗೆ ಟನ್ನುಗಟ್ಟಲೆ ಕಲ್ಲನ್ನು ಪುಡಿಮಾಡಿದರೆ ದೊರೆಯುತ್ತಿದ್ದುದು ಕೆಲವೇ ಗ್ರಾಮು ಚಿನ್ನ. ಆರೋಗ್ಯವಂತನ ಥೈರಾಯ್ಡಿನಿಂದ ಕ್ಯಾಲ್ಸಿಟೋನಿನನ್ನು ತೆಗೆಯುವುದು ಅದಕ್ಕಿಂತಲೂ ಕಷ್ಟದ ಕೆಲಸ. ಗಂತಿಯಾದರೋ ಸಮೃದ್ಧವಾದ ಗಣಿಯಂತೆ ಒದಗಿಬಂದಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನ ವಿಜ್ಞಾನಿಗಳು ರೋಗಿಗಳಿಂದ ಕತ್ತರಿಸಿ ತೆಗೆದ ಇಂತಹ ಗಂತಿಗಳಿಂದಲೇ ಮನುಷ್ಯನ ಕ್ಯಾಲ್ಸಿಟೋನಿನನ್ನು ಶುದ್ಧೀಕರಿಸಿ, ೧೯೬೮ರಲ್ಲಿ ಅದರ ೩೨ ಮಣಿಗಳ ಅನುಕ್ರಮವನ್ನು ಓದಿದರು. ಆರೋಗ್ಯದ ಗುಟ್ಟನ್ನು ರೋಗವೇ ಬಿಟ್ಟುಕೊಟ್ಟುದು ಹೀಗೆ.

ಕೆರೆಯಲ್ಲಿ ಕರಗಿದ ಒಂದು ಗ್ರಾಮು

ಆರೋಗ್ಯವಂತರ ರಕ್ತದ ಒಂದು ಮಿಲಿಲೀಟರಿನಲ್ಲಿ ಕ್ಯಾಲ್ಸಿಟೋನಿನ್ ಸಾಮಾನ್ಯವಾಗಿ ೧೦ ಪಿಕೊಗ್ರಾಮಿಗಿಂತ ಕಡಿಮೆ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಪಿಕೊಗ್ರಾಮು. ನೂರು ಮೀಟರು ಉದ್ದ, ನೂರು ಮೀಟರು ಅಗಲ, ಹತ್ತು ಮೀಟರು ಆಳದ ಕೆರೆಯೊಂದರಲ್ಲಿ ಒಂದೇ ಒಂದು ಗ್ರಾಮು ವಸ್ತುವನ್ನು ಕರಗಿಸಿ ಕಲಕಿದರೆ ಆ ನೀರು ಇಷ್ಟೇ ತೆಳುವಾಗಿರುತ್ತದೆ. ಅದರ ಒಂದು ಚಮಚವನ್ನು ಕೈಗಿತ್ತು, ಕರಗಿರುವುದೆಷ್ಟು ಹೇಳು ಎಂದರೆ ಯಾವ ತಕ್ಕಡಿ ತಾನೆ ಹೇಳೀತು?

ಇದಕ್ಕೆ ಉಪಾಯ ಹೂಡಿದವಳು ಭೌತವಿಜ್ಞಾನಿ ಎಂಬುದು, ಆ ಶಾಸ್ತ್ರವನ್ನು ಬೋಧಿಸುವ ನನಗೆ ಹೆಮ್ಮೆಯ ಸಂಗತಿ. ರೊಸಾಲಿನ್ ಯಾಲೊ ೧೯೪೫ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು. ಅನಂತರ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಸಾಲೊಮನ್ ಬರ್ಸನ್ ಎಂಬ ವೈದ್ಯನೊಡನೆ ಕೆಲಸಮಾಡಿ, ೧೯೫೯–೬೦ರ ಹೊತ್ತಿಗೆ ಇನ್ಸುಲಿನ್ನನ್ನು ಅಳೆಯುವ ಹೊಸ ವಿಧಾನವೊಂದನ್ನು ರೂಪಿಸಿದಳು.

ವಿಧಾನದ ತತ್ತ್ವ ಸರಳ. ಘಟ್ಟದ ಮೇಲಿಂದ ಸಂತೆಗೆ ಹೊರಟ ಬಸ್ಸಿನಲ್ಲಿ ೪೦ ಆಸನಗಳಿವೆಯೆಂದು ಇಟ್ಟುಕೊಳ್ಳಿ. ಕೆಂಪು ರುಮಾಲು ಸುತ್ತಿದ ೪೦ ಮಂದಿ ಬಂದರೆ ಎಲ್ಲರಿಗೂ ಆಸನ ದೊರೆಯುತ್ತದೆ. ರುಮಾಲಿಲ್ಲದ ಇನ್ನೂ ೪೦ ಮಂದಿ ಜೊತೆಗೇ ನುಗ್ಗಿದರೆ? ಯಾರಿಗೂ ಪಕ್ಷಪಾತವಿಲ್ಲದಿದ್ದಲ್ಲಿ ಕೆಂಪು ರುಮಾಲಿನವರಿಗೆ ೨೦ ಆಸನಗಳು ಮಾತ್ರ. ರುಮಾಲಿಲ್ಲದವರು ೧೨೦ ಮಂದಿಯಾದರೆ ಕೆಂಪು ರುಮಾಲಿನವರಿಗೆ ಹತ್ತೇ ಆಸನ. ಎಂದ ಮೇಲೆ, ಕುಳಿತ ಕೆಂಪು ರುಮಾಲುಗಳನ್ನಷ್ಟು ಎಣಿಸಿದರೆ, ಕಣ್ಣಿಗೆ ಕಾಣದ ಮಿಕ್ಕವರ ಸಂಖ್ಯೆಯನ್ನು ಲೆಕ್ಕ ಹಾಕಿ ಹೇಳಬಹುದು.

ಇಲ್ಲಿ ಆಸನಗಳೆಂದರೆ ಪ್ರತಿಕಾಯಗಳು. ಹಾರ್ಮೋನನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನುಗಳು. ಕೆಂಪು ರುಮಾಲೆಂದರೆ ವಿಕಿರಣಶೀಲ ಅಯೊಡೀನಿನ ಪರಮಾಣು. ಕ್ಯಾಲ್ಸಿಟೋನಿನ್ ಹುಟ್ಟಿನಿಂದ ಅಯೊಡೀನಿಲ್ಲದುದಾದರೂ, ಅದರ ಹನ್ನೆರಡನೆಯ ಮಣಿಯಾದ ಟೈರೊಸೀನಿಗೆ ಪ್ರಯೋಗಶಾಲೆಯಲ್ಲಿ ಅಯೊಡೀನ್–೧೨೫ನ್ನು ಅಂಟಿಸಬಹುದು. ಸುಮಾರು ೬೦ ದಿನಗಳ ಅರ್ಧಾಯುಷ್ಯವುಳ್ಳ ಆ ಪರಮಾಣು ಸೂಸುವ ಕಿರಣಗಳನ್ನು ಗಣಕಯಂತ್ರ ಒಂದೊಂದಾಗಿ ಎಣಿಸುತ್ತದೆ. ತೂಗಲಾಗದುದನ್ನು ಎಣಿಸಿದುದೇ ಯಾಲೊಳ ಜಾಣ್ಮೆ. ೧೯೭೭ರಲ್ಲಿ ಆಕೆಗೆ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಬರ್ಸನ್ ೧೯೭೨ರಲ್ಲಿಯೇ ತೀರಿಕೊಂಡಿದ್ದುದರಿಂದ ಅದರಲ್ಲಿ ಪಾಲುಗೊಳ್ಳಲಿಲ್ಲ. ಇಂದು ಹೆಚ್ಚಿನ ಪ್ರಯೋಗಶಾಲೆಗಳಲ್ಲಿ ವಿಕಿರಣಶೀಲ ವಸ್ತುವಿಗೆ ಬದಲಾಗಿ, ರಾಸಾಯನಿಕ ಕ್ರಿಯೆಯಿಂದ ಬೆಳಕು ಬೀರುವ ಗುರುತನ್ನು ಉಪಯೋಗಿಸುತ್ತಾರೆ.

ಬಿಡಿಸದ ಒಗಟು

ಈ ಅಳತೆ ಸಾಧ್ಯವಾದೊಡನೆ ಒಂದು ಒಗಟು ಎದುರಾಯಿತು. ಮೆಡುಲರಿ ಗಂತಿಯುಳ್ಳವರ ರಕ್ತದಲ್ಲಿ ಕ್ಯಾಲ್ಸಿಟೋನಿನ್ ನೂರಾರು, ಸಾವಿರಾರು ಮಡಿ ಏರಿರುವುದುಂಟು. ಕ್ಯಾಲ್ಸಿಯಮನ್ನು ಇಳಿಸುವ ಹಾರ್ಮೋನು ಇಷ್ಟು ಉಕ್ಕಿದರೆ ಕ್ಯಾಲ್ಸಿಯಮ್ ಪಾತಾಳಕ್ಕೆ ಇಳಿಯಬೇಕಷ್ಟೆ? ಇಳಿಯುವುದಿಲ್ಲ! ಅಂತಹವರ ರಕ್ತದಲ್ಲಿ ಕ್ಯಾಲ್ಸಿಯಮ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಥೈರಾಯ್ಡನ್ನು ಪೂರ್ತಿಯಾಗಿ ತೆಗೆಸಿಕೊಂಡು ಕ್ಯಾಲ್ಸಿಟೋನಿನ್ ಇಲ್ಲವೆನ್ನುವಷ್ಟಾದವರಲ್ಲಿಯೂ ಈ ಕಾರಣದಿಂದ ಕ್ಯಾಲ್ಸಿಯಮ್ ಏರುವುದಿಲ್ಲ. ದೂತನು ಒಂದೇ ಸಮನೆ ಕೂಗುತ್ತಿದ್ದರೆ ಕೇಳುವ ಎಲುಬಿನ ಕೋಶಗಳು ಕಿವುಡಾಗುವುದೂ, ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ‘ಡಿ’ ಜೀವಸತ್ತ್ವ ಸೇರಿ ಸಮತೋಲವನ್ನು ಕಾಪಾಡುವುದೂ ಇದಕ್ಕೆ ಕಾರಣಗಳು. ಮನುಷ್ಯನಲ್ಲಿ ಈ ಹಾರ್ಮೋನಿನ ನಿತ್ಯದ ಕೆಲಸ ದೊಡ್ಡದಲ್ಲವೆಂಬುದು ಇದರಿಂದ ಹೊಳೆಯುತ್ತದೆ. ಆದರೆ ಅದು ವ್ಯರ್ಥವೆಂದೂ ಹೇಳುವಂತಿಲ್ಲ. ಕ್ಯಾಲ್ಸಿಟೋನಿನಿನ ಜೀನ್ ಇಲ್ಲದಂತೆ ಮಾಡಿದ ಇಲಿಗಳು ಮರಿಗಳಿಗೆ ಹಾಲೂಡುವಾಗ ಮಿಕ್ಕ ಇಲಿಗಳಿಗಿಂತ ಹೆಚ್ಚು ಎಲುಬನ್ನು ಕಳೆದುಕೊಂಡುದು ೨೦೦೬ರಲ್ಲಿ ಪ್ರಕಟವಾಯಿತು. ತಾಯಿಯ ಎಲುಬನ್ನು ಕಾಯುವುದು ಅದರ ಹಳೆಯ ಕರ್ತವ್ಯವಾಗಿದ್ದಿರಬಹುದು.

ಗಂತಿ ಮತ್ತೊಂದು ಪಾಠವನ್ನೂ ಕಲಿಸಿತು. ೧೯೮೨–೮೩ರಲ್ಲಿ ಅಮೆರಿಕದ ರೋಸೆನ್‌ಫೆಲ್ಡ್, ಅಮಾರ, ಇವಾನ್ಸ್ ಮೊದಲಾದವರು ಇಲಿಯ ಮೆಡುಲರಿ ಗಂತಿಗಳನ್ನು ಪರಿಶೀಲಿಸುತ್ತಿದ್ದಾಗ, ಕ್ಯಾಲ್ಸಿಟೋನಿನ್ ತಯಾರಿಸುವ ಜೀನಿನಿಂದಲೇ ೩೭ ಮಣಿಗಳ ಬೇರೊಂದು ಪೆಪ್ಟೈಡು ಹುಟ್ಟುವುದನ್ನು ಕಂಡರು. ಒಂದೇ ಓಲೆಗರಿಯನ್ನು ಸಿ ಕೋಶ ಒಂದು ಬಗೆಯಾಗಿಯೂ, ನರಕೋಶ ಇನ್ನೊಂದು ಬಗೆಯಾಗಿಯೂ ಕತ್ತರಿಸಿ ಓದಿಕೊಳ್ಳುತ್ತದೆ. ಈ ಎರಡನೆಯ ಪೆಪ್ಟೈಡು ರಕ್ತನಾಳಗಳನ್ನು ಹಿಗ್ಗಿಸುವುದು. ಅರೆತಲೆನೋವಿನಲ್ಲಿ ಅದರ ಕೈವಾಡವಿದೆ. ಅದನ್ನು ತಡೆಯುವ ಔಷಧಗಳು ೨೦೧೮ರಿಂದ ಬಳಕೆಗೆ ಬಂದಿವೆ. ಕೊರಳ ಗಂತಿಯನ್ನು ಕೆದಕಿದವರಿಗೆ ತಲೆನೋವಿನ ಮದ್ದಿನ ದಾರಿ ಸಿಕ್ಕಿದುದು ವಿಜ್ಞಾನದ ಇತಿಹಾಸದಲ್ಲಿ ಹೊಸದೇನೂ ಅಲ್ಲ.

ಅಯೊಡೀನ್ ಮದ್ದು ಇಲ್ಲಿ ನಾಟದು

ಥೈರಾಯ್ಡಿನ ಕೋಶಕಗಳಿಂದ ಹುಟ್ಟುವ ಸಾಮಾನ್ಯ ಕ್ಯಾನ್ಸರುಗಳಿಗೆ ಭೌತಶಾಸ್ತ್ರವು ಒಂದು ಸೊಗಸಾದ ಮದ್ದನ್ನು ಕೊಟ್ಟಿದೆ. ಶಸ್ತ್ರಚಿಕಿತ್ಸೆಯ ತರುವಾಯ ಅಗತ್ಯವಿರುವವರಿಗೆ ಅಯೊಡೀನ್–೧೩೧ನ್ನು ಕುಡಿಸುತ್ತಾರೆ. ೮ ದಿನಗಳ ಅರ್ಧಾಯುಷ್ಯವುಳ್ಳ ಅದು ಅಳಿದುಳಿದ ಥೈರಾಯ್ಡ್ ಕೋಶಗಳನ್ನು ತಾನಾಗಿಯೇ ಹುಡುಕಿಕೊಂಡು ಹೋಗಿ, ಒಳಹೊಕ್ಕು, ಬೀಟಾ ಕಣಗಳಿಂದ ಸುಡುತ್ತದೆ. ಸಿ ಕೋಶಗಳಾದರೋ ಅಯೊಡೀನನ್ನು ಒಳಕ್ಕೆ ಸೆಳೆಯುವುದಿಲ್ಲ. ಬಾಗಿಲೇ ಇಲ್ಲದ ಮನೆಗೆ ಅತಿಥಿ ಹೊಗುವುದೆಂತು? ಆದಕಾರಣ ಮೆಡುಲರಿ ಗಂತಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಅದೂ ಬೇಗನೆ, ಗಂತಿ ಕೊರಳ ಗಂಟುಗಳಿಗೆ ಹರಡುವ ಮುನ್ನ.

ಇಲ್ಲಿಯೇ ಕ್ಯಾಲ್ಸಿಟೋನಿನ್ ಕಾವಲುಗಾರನಾಗುತ್ತದೆ. ಗಂತಿ ಪೂರ್ತಿಯಾಗಿ ಹೋದರೆ ರಕ್ತದಲ್ಲಿ ಅದರ ಮಟ್ಟ ಕುಸಿದು, ಅಳತೆಗೆ ಸಿಕ್ಕದಷ್ಟಾಗುತ್ತದೆ. ಎಲ್ಲಿಯೋ ಕೆಲವು ಕೋಶಗಳು ಉಳಿದು ಬೆಳೆಯತೊಡಗಿದರೆ, ಯಾವ ಛಾಯಾಚಿತ್ರದಲ್ಲಿಯೂ ಕಾಣುವ ಮೊದಲೇ ಮಟ್ಟ ಏರುತ್ತದೆ. ಎಷ್ಟು ಕಾಲದಲ್ಲಿ ಅದು ಇಮ್ಮಡಿಯಾಗುತ್ತದೆ ಎಂಬುದನ್ನು ನೋಡಿ, ರೋಗ ನಿಧಾನದ್ದೋ ಬಿರುಸಿನದ್ದೋ ಎಂಬುದನ್ನು ವೈದ್ಯರು ಊಹಿಸಬಲ್ಲರು. ಹರಡಿದ ರೋಗಕ್ಕೂ ೨೦೧೧ರಿಂದೀಚೆಗೆ ಗುರಿಯಿಟ್ಟು ಕೆಲಸಮಾಡುವ ಕೆಲವು ಔಷಧಗಳು ಬಂದಿವೆ. ಅವು ರೋಗದ ಓಟವನ್ನು ನಿಧಾನಗೊಳಿಸಬಲ್ಲವು.

ಐನ್‌ಮನೆಯ ವಂಶಾವಳಿ ಸಾಲದು

ಇಂತಹ ಗಂತಿಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ವಂಶಪಾರಂಪರ್ಯವಾಗಿ ಬರುವುವು. ‘ರೆಟ್’ ಎಂಬ ಜೀನಿನಲ್ಲಿ ಆಗುವ ಮಾರ್ಪಾಟೇ ಇದಕ್ಕೆ ಮೂಲವೆಂದು ೧೯೯೩ರಲ್ಲಿ ಗೊತ್ತಾಯಿತು. ತಂದೆತಾಯಿಗಳಲ್ಲಿ ಒಬ್ಬರಿಗೆ ಅದಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲೊಂದು, ನಾಣ್ಯ ಚಿಮ್ಮಿದಂತೆ. ಮೂರು ಮಕ್ಕಳಿರುವ ಮನೆಯಲ್ಲಿ ಮೂವರೂ ಪಾರಾಗುವ ಸಂಭವ ಎಂಟರಲ್ಲಿ ಒಂದು ಮಾತ್ರ.

ಕೊಡಗಿನವರಿಗೆ ತಮ್ಮ ಐನ್‌ಮನೆಯ ಹಿರಿಯರ ಹೆಸರುಗಳು ತಲೆಮಾರುಗಳವರೆಗೆ ನಾಲಗೆಯ ಮೇಲಿರುತ್ತವೆ. ವೈದ್ಯರಿಗೆ ಇದು ದೊಡ್ಡ ಸಹಾಯ. ಆದರೆ ಆ ವಂಶಾವಳಿ ತಂದೆಯ ಕಡೆಯ ಎಳೆಯನ್ನು ಹಿಡಿದು ಸಾಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮಕ್ಕಳು ಬೇರೆ ಮನೆತನದ ಲೆಕ್ಕಕ್ಕೆ ಸೇರುತ್ತಾರೆ. ಜೀನಿಗೆ ಈ ಭೇದ ತಿಳಿಯದು. ಅದು ಮಗನ ಮೂಲಕ ಹೋಗುವಂತೆಯೇ ಮಗಳ ಮೂಲಕವೂ ಘಟ್ಟ ಇಳಿದು ಬೇರೆ ಊರು ಸೇರುತ್ತದೆ. ಆದುದರಿಂದ ಕುಟುಂಬದಲ್ಲೊಬ್ಬರಿಗೆ ಈ ರೋಗ ಕಂಡರೆ, ಅಕ್ಕತಂಗಿಯರನ್ನೂ ಸೋದರತ್ತೆಯರನ್ನೂ ಅವರ ಮಕ್ಕಳನ್ನೂ ಮರೆಯದೆ ಲೆಕ್ಕಕ್ಕೆ ತರಬೇಕು. ಕೆಲವು ಮಿಲಿಲೀಟರು ರಕ್ತದಿಂದ ಜೀನಿನ ಪರೀಕ್ಷೆ ಆಗುತ್ತದೆ. ಮಾರ್ಪಾಟು ಇಲ್ಲದ ಮಗುವಿಗೆ ಆ ಚಿಂತೆ ಜೀವಮಾನಕ್ಕೂ ತಪ್ಪಿತು. ಇದ್ದ ಮಗುವಿಗೆ, ಗಂತಿ ಹುಟ್ಟುವ ಮುನ್ನವೇ ಥೈರಾಯ್ಡನ್ನು ತೆಗೆದು, ಥೈರಾಕ್ಸಿನ್ ಮಾತ್ರೆಯೊಂದನ್ನು ದಿನವೂ ಕೊಟ್ಟರೆ, ಅದು ಎಲ್ಲರಂತೆ ಬೆಳೆದು ಬಾಳಬಹುದು. ಬರಲಿರುವ ರೋಗವನ್ನು ಬರುವ ಮೊದಲೇ ಕಿತ್ತೊಗೆಯುವ ಇಂತಹ ಅವಕಾಶ ವೈದ್ಯಶಾಸ್ತ್ರದಲ್ಲಿ ಬಹಳ ಕಡೆ ಇಲ್ಲ.

ಇದೇ ಜೀನಿನ ದೆಸೆಯಿಂದ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿಯೂ ಗಂತಿ ಹುಟ್ಟುವುದುಂಟು. ಈ ಜೋಡಿಯನ್ನು ಸಿಪಲ್ ಎಂಬ ವೈದ್ಯನು ೧೯೬೧ರಲ್ಲಿಯೇ ಗಮನಿಸಿದ್ದನು. ಅದನ್ನು ಅರಿಯದೆ ಕೊರಳ ಶಸ್ತ್ರಚಿಕಿತ್ಸೆಗೆ ಮತ್ತು ಬರಿಸಿದರೆ ರಕ್ತದ ಒತ್ತಡ ಅಪಾಯಕರವಾಗಿ ಜಿಗಿಯಬಹುದು. ಆದುದರಿಂದ ಮೊದಲು ಅದನ್ನು ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ಈಗ ಬಳಕೆಯಲ್ಲಿರುವ ಸೆಮಾಗ್ಲುಟೈಡಿನಂತಹ ಚುಚ್ಚುಮದ್ದುಗಳು ಇಲಿಗಳಲ್ಲಿ ಸಿ ಕೋಶದ ಗಂತಿಗಳನ್ನು ಹುಟ್ಟಿಸಿದುದರಿಂದ, ಮನೆತನದಲ್ಲಿ ಈ ಗಂತಿಯಿರುವವರು ಅವನ್ನು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆಯೂ ಇದೆ.

ಘಟ್ಟದ ದಾರಿಯೂ ಮಂಜುಗಡ್ಡೆಯೂ

ಕೊರಳಲ್ಲಿ ಗಂಟು ಕಂಡಾಗಲೆಲ್ಲ ಭಯಪಡಬೇಕಾದುದಿಲ್ಲ. ಥೈರಾಯ್ಡಿನ ಗಂಟುಗಳಲ್ಲಿ ಬಹುಪಾಲು ನಿರಪಾಯಕರವಾದುವು. ಕ್ಯಾನ್ಸರುಗಳಲ್ಲಿಯೂ ಮೆಡುಲರಿ ಜಾತಿಯದು ನೂರಕ್ಕೆ ಕೆಲವೇ. ಆದರೆ ಗಂಟು ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಧ್ವನಿ ಒಡೆದರೆ, ಕಾರಣ ತಿಳಿಯದ ಭೇದಿ ಜೊತೆಗಿದ್ದರೆ, ‘ನಮ್ಮ ಕಡೆ ಇದು ಇದ್ದುದೇ, ಉಪ್ಪು ಬದಲಾಯಿಸಿದರೆ ಹೋದೀತು’ ಎಂದು ಸುಮ್ಮನಿರಲಾಗದು. ಸೂಜಿಯಿಂದ ಕೆಲವು ಕೋಶಗಳನ್ನು ತೆಗೆದು ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯದು.

ಕರಿಕೆಯಂತಹ ಊರಿನವರಿಗೆ ಇದರಲ್ಲಿ ಮತ್ತೊಂದು ಸೂಕ್ಷ್ಮವುಂಟು. ಮಡಿಕೇರಿಯ ವೈದ್ಯಕೀಯ ಕಾಲೇಜು ೨೦೧೬ರಲ್ಲಿ ಆರಂಭವಾಯಿತು. ಕ್ಯಾನ್ಸರಿಗೆಂದೇ ಇರುವ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ೧೯೭೩ರಿಂದ ಇದೆ. ಆದರೆ ಕ್ಯಾಲ್ಸಿಟೋನಿನ್ ಬಹು ನಾಜೂಕಾದ ಸರ. ರಕ್ತವನ್ನು ತೆಗೆದು ಬೆಚ್ಚಗೆ ಇಟ್ಟರೆ, ರಕ್ತದಲ್ಲಿರುವ ಕಿಣ್ವಗಳು ಗಂಟೆಗಳೊಳಗೆ ಅದನ್ನು ತುಂಡರಿಸತೊಡಗುತ್ತವೆ. ರಕ್ತರಸವನ್ನು ಕೂಡಲೇ ಬೇರ್ಪಡಿಸಿ ತಣ್ಣಗಿಟ್ಟು ಒಯ್ಯಬೇಕು. ಮಳೆಗಾಲದಲ್ಲಿ ಗುಡ್ಡ ಜರಿದು ಘಟ್ಟದ ರಸ್ತೆ ಮುಚ್ಚಿದ ದಿನ, ಮಂಜುಗಡ್ಡೆ ಕರಗಿಹೋದ ಪೆಟ್ಟಿಗೆಯಲ್ಲಿ ಸಾಗಿದ ರಕ್ತ, ಇರುವ ರೋಗವನ್ನೂ ಇಲ್ಲವೆಂದು ಹೇಳಿಬಿಟ್ಟೀತು! ಆದುದರಿಂದ ಈ ಪರೀಕ್ಷೆಗೆ ರಕ್ತವನ್ನು ಕಳುಹಿಸುವುದಕ್ಕಿಂತ, ಸಾಧ್ಯವಾದರೆ ಪ್ರಯೋಗಶಾಲೆಯಿರುವಲ್ಲಿಗೆ ತಾವೇ ಹೋಗಿ ಕೊಡುವುದು ಲೇಸು. ಜೀನಿನ ಪರೀಕ್ಷೆಗಾದರೋ ಇಷ್ಟು ಅವಸರವಿಲ್ಲ. ಜೀನಿನ ಅಣು ಗಟ್ಟಿಮುಟ್ಟಾದುದು, ದಾರಿಯ ಆಯಾಸವನ್ನು ತಾಳಬಲ್ಲುದು.

ಸಾವಿರಕ್ಕೆ ಒಂದರಂತೆ ಅಡಗಿರುವ ಕೋಶಗಳು, ಮೂವತ್ತೆರಡು ಮಣಿಗಳ ಒಂದು ಸರ, ಅದನ್ನು ಎಣಿಸಿದ ಒಬ್ಬಳು ಭೌತವಿಜ್ಞಾನಿ, ತಮ್ಮ ಗಂತಿಯಿಂದಲೇ ವಿಜ್ಞಾನಕ್ಕೆ ಪಾಠ ಹೇಳಿದ ಹೆಸರಿಲ್ಲದ ರೋಗಿಗಳು: ಇವೆಲ್ಲ ಸೇರಿ ಇಂದು ಒಂದು ಮಗುವಿನ ಕೊರಳನ್ನು ಕಾಯುತ್ತಿವೆ. ದೂತನು ಸುದ್ದಿಯನ್ನು ತಂದಿದ್ದಾನೆ. ಹೊತ್ತು ಮೀರುವ ಮುನ್ನ ಬಾಗಿಲು ತೆರೆದು ಕೇಳುವುದು ನಮ್ಮ ಪಾಲಿನ ಕೆಲಸ.